ದೂರು ಬರುವುದಿಲ್ಲ, ದೂರಿಗಾಗಿ ಕಾಯಬೇಡಿ

ಇವರಿಗೆ,
ಮಾನ್ಯ ಗೃಹ ಸಚಿವರು ಮತ್ತು
ಮಾನ್ಯ ಆಹಾರ, ನಾಗರಿಕ ಸರಬರಾಜು ಹಾಗೂ ಗ್ರಾಹಕರ ವ್ಯವಹಾರಗಳ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಧಾರವಾಡದ ಪದವಿ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ದುಡ್ಡು ಕಟ್ಟಿ ಸೇರಿರಿ, ಇನ್ನಷ್ಟು ಜನರನ್ನು ಸೇರಿಸಿದರೆ ದುಡ್ಡು ಬರುತ್ತದೆ ಎನ್ನುವ ಪಿರಮಿಡ್ ಜಾಲಗಳ ಬಗ್ಗೆ ಈ ಪತ್ರ. ಕಳೆದ ವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. "ಸರ್, ನೆನಪದೀನ್ರಿ? ನಿಮ್ಮ ಆಶೀರ್ವಾದ ತಗೋಬೇಕಿತ್ತು. ಒಂದ್ ಹತ್ತ್ ನಿಮಿಷ ಬರ್ಲೇನ್ರಿ?" ಎಂದ. ನೆನಪಿಲ್ಲದೆ ಏನು? ಮೂರು ವರ್ಷ ಮುಂದಿನ ಬೆಂಚಿನಲ್ಲಿ ಕೂತು, ನಾನು ಬೋರ್ಡಿನ ಮೇಲೆ ತಪ್ಪು ಬರೆದರೆ ಮೊದಲು ಕೈ ಎತ್ತುತ್ತಿದ್ದ ಹುಡುಗ. ಪಿಎಸ್‌ಐ ಆಗಬೇಕೆಂದು ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಓದುತ್ತಿದ್ದಾನೆಂದು ಕೇಳಿದ್ದೆ. ನೌಕರಿಯ ಸುದ್ದಿಯೋ ಮದುವೆಯ ಕರೆಯೋ ಇರಬೇಕೆಂದು, ಬಾ ಅಂದೆ.

ಧಾರವಾಡದ ಏಪ್ರಿಲ್ ಬಿಸಿಲಲ್ಲಿ ಕೋಟು ಹಾಕಿಕೊಂಡು, ಟೈ ಬಿಗಿದುಕೊಂಡು ಬಂದಿದ್ದ. ಕಾಲಿಗೆ ಬಿದ್ದ. ನನ್ನ ಮನೆಯವರು ಒಗ್ಗರಣೆ ಅವಲಕ್ಕಿ, ಚಹಾ ಕೊಟ್ಟರು. ಅರ್ಧ ಅವಲಕ್ಕಿ ತಟ್ಟೆಯಲ್ಲೇ ಇರುವಾಗ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು, ಹಾಳೆಯ ಮೇಲ್ತುದಿಯಲ್ಲಿ ಒಂದು ವರ್ತುಲ ಬರೆದ. "ಇದು ನೀವ್ರಿ ಸರ್." ಅದರಿಂದ ಎರಡು ಗೆರೆ ಕೆಳಗೆಳೆದು ಎರಡು ವರ್ತುಲ. "ಇದು ನಿಮ್ಮ ಲೆಫ್ಟ್ ಲೆಗ್, ಇದು ರೈಟ್ ಲೆಗ್. ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಅಷ್ಟರಿ ನಿಮ್ಮ ಕೆಲಸ. ಮುಂದಿಂದು ಸಿಸ್ಟಮ್ ನೋಡಿಕೊಂತೈತಿ." ಎರಡರ ಕೆಳಗೆ ನಾಲ್ಕು, ನಾಲ್ಕರ ಕೆಳಗೆ ಎಂಟು. ಎಂಟರ ಕೆಳಗೆ ಮೂರು ಚುಕ್ಕೆ ಇಟ್ಟು ಪೆನ್ನು ಎತ್ತಿದ.

ಶ್ರೇಢಿಯ ಪಾಠದಲ್ಲಿ ಆ ಮೂರು ಚುಕ್ಕೆಗಳ ಅರ್ಥ ಅವನಿಗೆ ಕಲಿಸಿದವನೇ ನಾನು.

ಆದರೂ ಅವತ್ತು ನಾನು ಬಾಯಿ ಬಿಡಲಿಲ್ಲ. ಹುಡುಗ ಎಷ್ಟೋ ವರ್ಷದ ಮೇಲೆ ಮನೆಗೆ ಬಂದಿದ್ದಾನೆ, ಮುಖದ ಮೇಲೆ ಬೆವರು ಇಳಿಯುತ್ತಿದೆ, ಕಣ್ಣಲ್ಲಿ ಆಸೆ ಇದೆ. ನಾನು ಸೇರುವುದಿಲ್ಲ ಎಂದಷ್ಟೇ ಹೇಳಿ, "ನಿನಗ ಚಲೋ ಆಗ್ಲಿ" ಅಂದೆ. ಹೋಗುವಾಗ ನನ್ನ ಪಕ್ಕ ನಿಂತು ಒಂದು ಸೆಲ್ಫಿ ತೆಗೆದುಕೊಂಡ. ಪ್ಲಾನ್ ಬರೆದ ಹಾಳೆಯನ್ನು ಹರಿದು ಟೀಪಾಯಿಯ ಮೇಲಿಟ್ಟು, "ವಿಚಾರ ಮಾಡ್ರಿ ಸರ್" ಎಂದು ಹೋದ. ಆ ಸಂಜೆ ಅವನ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಆ ಫೋಟೋ ಬಂತು. ಕೆಳಗೆ ಬರೆದಿದ್ದ: "ನನ್ನ ಗುರುಗಳ ಜೊತೆ ಬಿಸಿನೆಸ್ ಮೀಟಿಂಗ್." ಆ ಸ್ಟೇಟಸ್ ನೋಡಿ ನನ್ನದೇ ನಾಲ್ಕು ಮಂದಿ ವಿದ್ಯಾರ್ಥಿಗಳು ಆ ಜಾಲಕ್ಕೆ ಸೇರಿದರೆಂದು ನನಗೆ ತಿಳಿದದ್ದು ಐದು ತಿಂಗಳ ಮೇಲೆ. ಈ ಪತ್ರ ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ಅವನು ಬರೆಯದೆ ಬಿಟ್ಟ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಅದು ಕಠಿಣವಲ್ಲ, ಎಂಟನೆಯ ತರಗತಿಯ ಮಗು ಮಾಡಬಹುದು.

ಸೇರುವ ಪ್ಯಾಕೇಜಿಗೆ 16,800 ರೂಪಾಯಿ. ಅದಕ್ಕೆ ಪ್ರತಿಯಾಗಿ ಎರಡು ಸೂಟ್ ಪೀಸು, ಒಂದು ವಾಚು. ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ ಬಂದರೆ ಒಂದು ಜೋಡಿ. ಜೋಡಿಗೆ 1,500 ರೂಪಾಯಿ. ಅಂದರೆ ಕೊಟ್ಟ ದುಡ್ಡು ತಿರುಗಿ ಕೈಸೇರಲು ಹನ್ನೆರಡು ಜೋಡಿ ಆಗಬೇಕು. ಈಗ ಎಲ್ಲರೂ ಗೆದ್ದರು ಎಂದೇ ಇಟ್ಟುಕೊಳ್ಳೋಣ. ಸೇರಿದ ಪ್ರತಿಯೊಬ್ಬನೂ ಇಬ್ಬರನ್ನು ತಂದ, ಒಬ್ಬನೂ ಸೋಲಲಿಲ್ಲ, ಒಬ್ಬನೂ ಬಿಟ್ಟು ಹೋಗಲಿಲ್ಲ. ಹಾಗಿದ್ದರೂ ಒಬ್ಬನ ಕೆಳಗೆ ಮೂರು ಸಾಲು ಪೂರ್ತಿ ತುಂಬಿದಾಗ ಅವನಿಗೆ ಸಿಗುವುದು ಏಳು ಜೋಡಿ. ನಾಲ್ಕನೆಯ ಸಾಲು ತುಂಬಿದಾಗ ಹದಿನೈದು. ಹಾಗಾದರೆ ಅಸಲು ಕಂಡವನು ಕೆಳಗೆ ನಾಲ್ಕು ಸಾಲು ಇರುವವನು ಮಾತ್ರ. ಕೆಳಗಿನ ನಾಲ್ಕು ಸಾಲಿನವರೆಲ್ಲ ನಷ್ಟದಲ್ಲಿದ್ದಾರೆ. ಇಂಥ ಜಾಲದಲ್ಲಿ ಕೊನೆಯ ಸಾಲಿನಲ್ಲಿರುವವರು ಮೇಲಿನ ಎಲ್ಲರನ್ನೂ ಕೂಡಿಸಿದರೂ ಅವರಿಗಿಂತ ಒಬ್ಬರು ಹೆಚ್ಚು: 1, 2, 4, 8 ಕೂಡಿಸಿದರೆ 15, ಮುಂದಿನ ಸಾಲು 16. ಹಾಗೆ ಎಣಿಸುತ್ತ ಹೋದರೆ, ಕೊನೆಯ ನಾಲ್ಕು ಸಾಲಿನಲ್ಲಿ ಹದಿನಾರರಲ್ಲಿ ಹದಿನೈದು ಪಾಲು ಜನ ಇರುತ್ತಾರೆ. ಜಾಲ ಹತ್ತನೆಯ ಸಾಲಿಗೆ ನಿಲ್ಲಲಿ, ಇಪ್ಪತ್ತನೆಯ ಸಾಲಿಗೆ ನಿಲ್ಲಲಿ, ಈ ಪಾಲು ಬದಲಾಗುವುದಿಲ್ಲ. ಸಭೆಗಳಲ್ಲಿ "ಪ್ರಯತ್ನ ಪಡದವರು ಸೋಲ್ತಾರ" ಎಂದು ಹೇಳಿಕೊಡುತ್ತಾರೆ. ಎಲ್ಲರೂ ಪ್ರಯತ್ನಪಟ್ಟು, ಎಲ್ಲರೂ ಗೆದ್ದರೂ ಹದಿನಾರು ಮಂದಿಯಲ್ಲಿ ಹದಿನೈದು ಮಂದಿ ಸೋಲಲೇಬೇಕು ಎಂದು ಆ ಯೋಜನೆಯ ರಚನೆಯೇ ಹೇಳುತ್ತದೆ.

ಅದು ನಿಲ್ಲದೆ ಹೋಗುತ್ತದೆಯೇ? 22ನೆಯ ಸಾಲಿಗೆ 20,97,152 ಮಂದಿ ಬೇಕು. 2011ರ ಜನಗಣತಿಯ ಪ್ರಕಾರ ಕೂಸುಗಳನ್ನೂ ಮುದುಕರನ್ನೂ ಸೇರಿಸಿ ಇಡೀ ಧಾರವಾಡ ಜಿಲ್ಲೆಯಲ್ಲಿದ್ದವರು 18,47,023. 27ನೆಯ ಸಾಲಿಗೆ ಆರೂಮುಕ್ಕಾಲು ಕೋಟಿಯ ಹತ್ತಿರ ಹೋಗುತ್ತದೆ; ಅದೇ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಗಣಿತದ ದೃಷ್ಟಿಯಿಂದಲೇ ನಡೆಯಲಾರದ ಯೋಜನೆ ಎಂಬ ಈ ಮಾತನ್ನು ನ್ಯಾಯಾಲಯಗಳೂ ಕೇಳಿವೆ. ಕೇರಳದಲ್ಲಿ 625 ರೂಪಾಯಿಯ ಯುನಿಟ್‌ಗಳ ಲೆಕ್ಕದಲ್ಲಿ ಜನರನ್ನು ಸೇರಿಸಿಕೊಂಡ ಒಂದು ಲಾಟರಿ ಯೋಜನೆಯ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಗಳ ಮೇಲ್ಮನವಿಯನ್ನು ತಳ್ಳಿಹಾಕಿತು.

ಆ ಹುಡುಗನ ನಂತರ ನಾನು ಈ ಜಾಲದವರನ್ನು ಗಮನಿಸತೊಡಗಿದೆ. ಹುಡುಕಿಕೊಂಡು ಹೋಗಬೇಕಾಗಲಿಲ್ಲ, ಅವರೇ ಬಂದರು. ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಬೆಳಿಗ್ಗೆ ತಿರುಗಾಡುವಾಗ ಒಬ್ಬಾತ ನನ್ನ ಹೆಜ್ಜೆಗೆ ಹೆಜ್ಜೆ ಸೇರಿಸಿ, "ಸರ್, ನಿಮ್ಮನ್ನ ಎಲ್ಲೋ ನೋಡೇನ್ರಿ" ಎಂದು ಶುರು ಮಾಡಿ, ಮೂರನೆಯ ದಿನಕ್ಕೆ "ಪೆನ್ಶನ್ ಸಾಲತೈತೇನ್ರಿ?" ಅಂದ. ಸಂಬಂಧಿಕರ ಮನೆಯ ತೊಟ್ಟಿಲು ಕಾರ್ಯಕ್ರಮದಲ್ಲಿ ದೂರದ ವೈನಿಯೊಬ್ಬರು ಬಾಣಂತಿಯ ಕೋಣೆಯಲ್ಲೇ ಪೌಡರಿನ ಡಬ್ಬಿ ತೆಗೆದರು. ಸಕ್ಕರೆ ಕಾಯಿಲೆಯ ನನ್ನ ಸೋದರಮಾವನಿಗೆ "ಮೂರು ತಿಂಗಳು ಇದನ್ನ ತಗೊಳ್ರಿ, ಗುಳಿಗಿ ಬಿಡಬಹುದು" ಎಂದು ಹೇಳಿದ್ದೂ ಅವರೇ. ಆ ವೈನಿ ಕೆಟ್ಟವರಲ್ಲ. ನಮ್ಮ ತಾಯಿ ಹಾಸಿಗೆ ಹಿಡಿದಾಗ ಹದಿನೈದು ದಿನ ಬಂದು ಸೇವೆ ಮಾಡಿದವರು. ಮಾವ ಗುಳಿಗೆ ಬಿಡಲಿಲ್ಲ ಎಂಬುದೇ ಸಮಾಧಾನ.

ಇವರೆಲ್ಲರ ಮಾತಿನ ಹಿಂದೆ ಒಂದೇ ಪಾಠ ಇದೆ. ಸೇರಿದ ಮೊದಲ ದಿನವೇ ನೂರು ಹೆಸರಿನ ಪಟ್ಟಿ ಬರೆಸುತ್ತಾರೆ: ಬಂಧುಗಳು, ಗೆಳೆಯರು, ಕಲಿಸಿದವರು, ಅಂಗಡಿಯವನು, ಕ್ಷೌರ ಮಾಡುವವನು. ಫೋನಿನಲ್ಲಿ ಕಂಪನಿಯ ಹೆಸರು ಹೇಳಬೇಡಿ, ಪ್ರಶ್ನೆಗೆ ಉತ್ತರ ಕೊಡಬೇಡಿ, ಭೇಟಿ ಗೊತ್ತುಮಾಡಿ, ಸೀನಿಯರ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಬೇಡ ಎಂದವರು ನೆಗೆಟಿವ್ ಜನ, ಅವರಿಂದ ದೂರ ಇರಿ. ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಕ್ರೂರವಾಗಿ ಕಾಣುತ್ತದೆ. ಮಗನನ್ನು ಎಚ್ಚರಿಸುವ ಅಪ್ಪ, ಅಣ್ಣ, ಮಾಸ್ತರ ಎಲ್ಲರೂ ಆ ಒಂದು ಮಾತಿನಿಂದ ಹೊರಗಿನವರಾಗುತ್ತಾರೆ.

ಒಂದು ಭಾನುವಾರ ಹುಬ್ಬಳ್ಳಿಯ ವಿದ್ಯಾನಗರದ ಒಂದು ಹಾಲ್‌ಗೆ ನಾನೇ ಹೋದೆ. ಆಸಕ್ತಿ ಇದೆ ಎಂದರೆ ಸಾಕು, ಪಾಸು ಬರುತ್ತದೆ. ಮುನ್ನೂರು ಕುರ್ಚಿ, ಮುನ್ನೂರೂ ತುಂಬಿದ್ದವು. ಗದಗ, ಕೊಪ್ಪಳ, ಹಾವೇರಿಯ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ಮಕ್ಕಳು. ಕೆಲವರ ಅಂಗಿಗೆ ಇಸ್ತ್ರಿ ಇತ್ತು, ಕಾಲಲ್ಲಿ ರಬ್ಬರ್ ಚಪ್ಪಲಿ. ಜೋರಾದ ಹಾಡು, ಎದ್ದು ನಿಂತು ಚಪ್ಪಾಳೆ, ಮತ್ತೆ ಹಾಡು. ವೇದಿಕೆಯ ಮೇಲೆ ಬಂದವನು "ಎರಡು ವರ್ಷದ ಹಿಂದ ನಾನೂ ನಿಮ್ಮಂಗ ಹರಕ ಚಪ್ಪಲಿ ಹಾಕ್ಕೊಂಡು ಅಡ್ಡಾಡತಿದ್ದೆ" ಎಂದ. ಕಾರಿನ ಕೀಲಿ ಎತ್ತಿ ತೋರಿಸಿದ. ಅವನ ತಾಯಿಯನ್ನು ವೇದಿಕೆಗೆ ಕರೆದರು. ಆಕೆ ಅತ್ತರು, ಸಭೆಯಲ್ಲಿ ಬಹಳ ಜನ ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು. ಯಾಕೆಂದರೆ ಆ ಸಭಾಂಗಣದಲ್ಲಿ ಹೇಳಿದ ಕಷ್ಟವೆಲ್ಲ ನಿಜ. ಅಪ್ಪನ ಸಾಲ ನಿಜ, ಅಕ್ಕನ ಮದುವೆ ನಿಂತದ್ದು ನಿಜ, ಡಿಗ್ರಿ ಆಗಿ ಐದು ವರ್ಷ ಕೆಲಸ ಇಲ್ಲದ್ದು ನಿಜ.

ಎರಡು ತಾಸು ಕೂತೆ. ಆ ಸೂಟ್ ಪೀಸು, ಆ ವಾಚಿನ ಬಗ್ಗೆ ಒಂದು ಮಾತೂ ಬರಲಿಲ್ಲ. ನಮ್ಮ ಓಣಿಗೆ ವರ್ಷಕ್ಕೆ ಎರಡು ಸಲ ಇಳಕಲ್ ಸೀರೆಯ ಗಂಟು ಹೊತ್ತು ಒಬ್ಬ ಅಕ್ಕ ಬರುತ್ತಾರೆ. ಅವರು ಒಂದು ತಾಸು ಸೀರೆಯ ಸೆರಗಿನ ಬಗ್ಗೆ, ಬಣ್ಣದ ಬಗ್ಗೆಯೇ ಮಾತಾಡುತ್ತಾರೆ. ನೀವೂ ಸೀರೆ ಮಾರಲು ಬನ್ನಿ, ನಿಮ್ಮ ಹೆಸರಲ್ಲಿ ನನಗಿಷ್ಟು ಎಂದು ಒಂದು ದಿನವೂ ಅಂದಿಲ್ಲ. ಮನೆಮನೆಗೆ ಹೋಗಿ ಮಾರುವುದಕ್ಕೆ ನನ್ನ ತಕರಾರಿಲ್ಲ, ಕಾಯ್ದೆಗೂ ಇಲ್ಲ. ನಾಳೆಯಿಂದ ಹೊಸಬರು ಯಾರೂ ಸೇರದಿದ್ದರೆ ಹಳಬರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಸಾಕು. ನಾನು ಆ ಸಭೆಯಲ್ಲಿ ಕೈಯೆತ್ತಿ ಅದನ್ನೇ ಕೇಳಿದೆ. ಇಬ್ಬರು ಹುಡುಗರು ಬಂದು, ಬಹಳ ಗೌರವದಿಂದ, "ಸರ್, ಹೊರಗ ಮಾತಾಡೋಣ್ರಿ" ಎಂದು ನನ್ನನ್ನು ಕರೆದುಕೊಂಡು ಹೋದರು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಕಳೆದ ದೀಪಾವಳಿಯ ಮುಂಚೆ ನವಲಗುಂದ ತಾಲೂಕಿನ ರೈತರೊಬ್ಬರು ನನ್ನ ಮನೆ ಹುಡುಕಿಕೊಂಡು ಬಂದರು. ಎರೆಹೊಲದಲ್ಲಿ ಹೆಸರು, ಕಡಲೆ ಬೆಳೆಯುವವರು. ಆ ನಾಲ್ಕು ವಿದ್ಯಾರ್ಥಿಗಳಲ್ಲಿ ಒಬ್ಬನ ತಂದೆ. ಮಗ ತನ್ನ ಹೆಸರಿಗೊಂದು, ತಂಗಿಯ ಹೆಸರಿಗೊಂದು ಐಡಿ, ಅಂದರೆ ಜಾಲದ ಸದಸ್ಯತ್ವ, ಮಾಡಿಸಿದ್ದ. 33,600 ರೂಪಾಯಿ. ಮನೆಯವರ ಬೋರಮಾಳ ಸರ ಅಡವಿಟ್ಟು ದುಡ್ಡು ಕೊಟ್ಟಿದ್ದರು. "ನೀವೂ ಅದೀರಿ ಅಂತ ಫೋಟೋ ತೋರಿಸಿದ್ರಿ ಸರ್. ಅದಕ್ಕ ಕೊಟ್ಟೆ" ಅಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರ ಆಗುತ್ತಿತ್ತು.

ನಾನು ದೂರು ಕೊಡೋಣ ಅಂದೆ. ಅವರು ಬಹಳ ಹೊತ್ತು ನೆಲ ನೋಡುತ್ತ ಕೂತರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: "ಯಾರ ಮ್ಯಾಲೆ ಕೊಡೋಣ್ರಿ ಸರ್? ನನ್ನ ಮಗನ ಕೈಯಾಗ ಹನ್ನೊಂದು ಮಂದಿ ಸೇರ್ಯಾರ. ಅದರಾಗ ಇಬ್ಬರು ನನ್ನ ತಂಗಿ ಮಕ್ಕಳು. ಒಬ್ಬಂವ ನಮ್ಮ ಬೀಗರ ಹುಡುಗ. ನಾ ಠಾಣೆಗೆ ಹೋದ್ರ ಅವರೂ ಬರ್ತಾರ, ನನ್ನ ಮಗನ ಮ್ಯಾಲೆ ಬರ್ಕೊಡ್ತಾರ."

ಮಾನ್ಯರೇ, ಈ ವಂಚನೆ ಇಷ್ಟು ವರ್ಷ ಬದುಕಿ ಉಳಿದಿರುವ ಕಾರಣವೆಲ್ಲ ಆ ಅಪ್ಪನ ಮಾತಿನಲ್ಲಿದೆ. ಕಳ್ಳತನವಾದರೆ ಕಳೆದುಕೊಂಡವನು ಕೂಗುತ್ತಾನೆ. ಬ್ಯಾಂಕ್ ಖಾತೆಯಿಂದ ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾನೆ. ಇಲ್ಲಿ ಹಾಗಿಲ್ಲ. ಮೋಸ ಹೋದವನು ತನ್ನ ದುಡ್ಡು ತಿರುಗಿ ಪಡೆಯಲು ಇನ್ನಿಬ್ಬರಿಗೆ ಹೇಳಲೇಬೇಕು, ಹೇಳಿದ ಕೂಡಲೇ ಅವನೂ ಮೋಸದಲ್ಲಿ ಪಾಲುದಾರ. ಒಂದೇ ಕೈ ದುಡ್ಡು ಕೊಟ್ಟಿದೆ, ಅದೇ ಕೈ ದುಡ್ಡು ತೆಗೆದುಕೊಂಡಿದೆ. ಮೇಲೆ ಇರುವವನು ತನ್ನ ಗೆಳೆಯ ಅಥವಾ ಅಣ್ಣ, ಕೆಳಗೆ ಇರುವವನು ತನ್ನ ತಂಗಿಯ ಮಗ. ಮೇಲೆ ಬೆರಳು ತೋರಿಸಿದರೂ ಕೆಳಗೆ ಬೆರಳು ತೋರಿಸಿದರೂ ಮನೆ ಒಡೆಯುತ್ತದೆ. ಆದ್ದರಿಂದ ಎಲ್ಲರೂ ಸುಮ್ಮನಾಗುತ್ತಾರೆ, ನಾನು ಸುಮ್ಮನಾದ ಹಾಗೆ. ಆ ಮೌನವನ್ನು ತುದಿಯಲ್ಲಿ ಕೂತವರು ಚೆನ್ನಾಗಿ ಬಲ್ಲರು. ಅವರ ವ್ಯಾಪಾರಕ್ಕೆ ನಿಜವಾದ ಬಂಡವಾಳ ಅದೇ.

ಹೇಗೋ ಆ ತಂದೆಯನ್ನು ಒಪ್ಪಿಸಿ ಒಂದು ಠಾಣೆಗೆ ಹೋದೆವು. ಯಾವ ಠಾಣೆ ಎಂದು ಬರೆಯುವುದಿಲ್ಲ, ಅಲ್ಲಿದ್ದ ಅಧಿಕಾರಿ ಒರಟಾಗಿ ನಡೆದುಕೊಳ್ಳಲೂ ಇಲ್ಲ. ರಸೀದಿ ನೋಡಿದರು, ಸೂಟ್ ಪೀಸು ಬಂದಿದೆಯೇ ಎಂದು ಕೇಳಿದರು. "ದುಡ್ಡು ನೀವ ಕೊಟ್ಟೀರಿ, ಸಾಮಾನು ಬಂದೈತಿ, ಜಿಎಸ್‌ಟಿ ಬಿಲ್ ಐತಿ. ಇದು ಸಿವಿಲ್ ಮ್ಯಾಟರ್ ಆಗತೈತ್ರಿ" ಎಂದು ಕಳುಹಿಸಿದರು. ಜಾಲದವರು ಹುಡುಗರಿಗೆ ಹೇಳಿಕೊಡುವ ಮಾತೂ ಇದೇ: ಕಂಪನಿ ರಿಜಿಸ್ಟರ್ ಆಗಿದೆ, ಪ್ಯಾನ್ ಇದೆ, ಜಿಎಸ್‌ಟಿ ಇದೆ, ಕಮಿಷನ್ನಿನಲ್ಲಿ ಟಿಡಿಎಸ್ ಕಟ್ ಆಗುತ್ತದೆ, ಮೋಸ ಆಗಿದ್ದರೆ ಸರ್ಕಾರ ತೆರಿಗೆ ತಗೋತಿತ್ತೇ? ಕಂಪನಿಯ ನೋಂದಣಿ ಬೇರೆ, ಅದು ನಡೆಸುವ ಯೋಜನೆಗೆ ಕಾಯ್ದೆಯ ಒಪ್ಪಿಗೆ ಬೇರೆ. ಈ ವ್ಯತ್ಯಾಸ ಹಳ್ಳಿಯ ಹುಡುಗನಿಗೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ಠಾಣೆಯಲ್ಲಿ ತಿಳಿದಿರಬೇಕು.

ಅದು ಸಿವಿಲ್ ವಿಷಯವಲ್ಲ. 1978ರಲ್ಲೇ ಸಂಸತ್ತು ಪ್ರೈಜ್ ಚಿಟ್ ಮತ್ತು ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯ್ದೆ ಮಾಡಿದೆ. ಯಾವ ಹೆಸರಿನಿಂದ ಕರೆದರೂ ಸರಿ, ಸದಸ್ಯರನ್ನು ಸೇರಿಸುವುದಕ್ಕೆ ತಳಕು ಹಾಕಿ ದುಡ್ಡು ಕೊಡುತ್ತೇನೆಂದು ದುಡ್ಡು ಪಡೆಯುವ ಯೋಜನೆ ಆ ಕಾಯ್ದೆಯಲ್ಲಿ ಅಪರಾಧ. ನಡೆಸುವುದು ಅಪರಾಧ, ಅದಕ್ಕೆ ಜನರನ್ನು ಸೇರಿಸುವುದೂ ಅಪರಾಧ. ಅದು ಸಂಜ್ಞೇಯ ಅಪರಾಧ; ಪೊಲೀಸರು ಯಾರ ದೂರಿಗೂ ಕಾಯಬೇಕಿಲ್ಲ. ಠಾಣಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ಅಂಥ ಜಾಗಕ್ಕೆ ಹೊಕ್ಕು, ಶೋಧಿಸಿ, ಕಾಗದಪತ್ರ ಜಪ್ತಿ ಮಾಡುವ ಅಧಿಕಾರವನ್ನು ಅದರ 7ನೆಯ ಕಲಂ ಕೊಟ್ಟಿದೆ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, 1978ರ ಕಾಯ್ದೆಯಲ್ಲಿ ನಿಷೇಧವಾದ ಹಣ ಪರಿಚಲನೆ ಯೋಜನೆಯನ್ನು ತಾನು ನಿಷೇಧಿಸಿದ ಯೋಜನೆಯೆಂದೇ ಪರಿಗಣಿಸಬೇಕು ಎಂದು 6ನೆಯ ಕಲಂನಲ್ಲಿ ಹೇಳಿದೆ.

1978ರ ಕಾಯ್ದೆಯಲ್ಲಿ ಒಂದು ನೋವಿನ ಸಂಗತಿಯೂ ಇದೆ. ಯೋಜನೆ ನಡೆಸಿದವನಿಗೆ ಮೂರು ವರ್ಷದ ತನಕ ಸೆರೆವಾಸ ವಿಧಿಸಬಹುದು, ಆದರೆ ದಂಡ ಹೆಚ್ಚೆಂದರೆ 5,000 ರೂಪಾಯಿ. ನವಲಗುಂದದ ಆ ಹುಡುಗ ಒಂದು ಐಡಿಗೆ ಕೊಟ್ಟದ್ದರ ಮೂರನೆಯ ಒಂದು ಭಾಗವೂ ಅಲ್ಲ. ಆ ಮೊತ್ತವನ್ನು ಏರಿಸಬೇಕೆಂದು ಕೇಂದ್ರಕ್ಕೆ ನೀವು ಬರೆಯಬೇಕು.

ಗ್ರಾಹಕರ ವ್ಯವಹಾರಗಳ ಸಚಿವರಿಗೆ ಬೇರೆಯಾಗಿ ಒಂದು ಮಾತು. 2021ರ ಡಿಸೆಂಬರ್ 28ರಂದು ಪ್ರಕಟವಾದ ಗ್ರಾಹಕ ಸಂರಕ್ಷಣೆ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಯನ್ನು ಸ್ಪಷ್ಟವಾಗಿ ನಿಷೇಧಿಸಿವೆ. ಸೇರಲು ಪ್ರವೇಶ ಶುಲ್ಕ ಕೇಳುವಂತಿಲ್ಲ. ಮಾರಲು ಬಂದವನು ಕೇಳುವ ಮೊದಲೇ ತಾನು ಯಾರು, ಯಾವ ಸಂಸ್ಥೆಯವನು, ಏನು ಮಾರುತ್ತಾನೆ, ಯಾಕೆ ಬಂದಿದ್ದಾನೆ ಎಂದು ಹೇಳಬೇಕು. ಮನೆಗೆ ಬರುವುದಾದರೆ ಮೊದಲೇ ಒಪ್ಪಿಗೆ ಪಡೆದು, ಗುರುತಿನ ಚೀಟಿ ಇಟ್ಟುಕೊಂಡು ಬರಬೇಕು. ನನಗೆ ಬಂದ ಫೋನ್ ನೆನಪಿಸಿಕೊಳ್ಳಿ. "ಆಶೀರ್ವಾದ ತಗೋಬೇಕಿತ್ತು." ಆ ಹುಡುಗನಿಗೆ ಕಲಿಸಿಕೊಟ್ಟ ಮೊದಲ ವಾಕ್ಯವೇ ನಿಯಮದ ಉಲ್ಲಂಘನೆ. ಅದೇ ನಿಯಮಗಳು ಇನ್ನೊಂದು ಮಾತು ಹೇಳುತ್ತವೆ: ನೇರ ಮಾರಾಟ ಸಂಸ್ಥೆಗಳ ಮೇಲೂ ಮಾರಾಟಗಾರರ ಮೇಲೂ ನಿಗಾ ಇಡುವ ವ್ಯವಸ್ಥೆಯನ್ನು ಪ್ರತಿ ರಾಜ್ಯ ಸರ್ಕಾರ ಮಾಡಬೇಕು. ಆ ಹೊಣೆ ನಿಮ್ಮದು. ಧಾರವಾಡ ಜಿಲ್ಲೆಯಲ್ಲಿ ಆ ಕೆಲಸಕ್ಕೆ ಯಾವ ಅಧಿಕಾರಿ, ಅವರ ಫೋನ್ ನಂಬರ್ ಏನು ಎಂಬುದು ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ, ಪ್ರತಿ ಹಾಸ್ಟೆಲಿನ ಊಟದ ಕೋಣೆಯಲ್ಲಿ, ಸಪ್ತಾಪುರದ ಪ್ರತಿ ಓದುವ ಕೋಣೆಯ ಬಾಗಿಲಲ್ಲಿ ಇರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದನ್ನೂ ಬರೆಸಿ. ಆದರೆ ನಮ್ಮ ಹುಡುಗರಿಗೆ ನಂಬರಿಗಿಂತ ಮುಖ್ಯವಾಗಿ ಬೇಕಾದದ್ದು ಒಂದು ಹೆಸರು, ಹೋಗಿ ಎದುರು ಕೂತು ಮಾತಾಡಬಹುದಾದ ಒಬ್ಬ ಮನುಷ್ಯ.

ಗೃಹ ಸಚಿವರಲ್ಲಿ ನನ್ನ ಬೇಡಿಕೆ ಎರಡು. ದೂರು ಬರುವುದಿಲ್ಲ, ಕಾಯಬೇಡಿ ಎಂದು ಎಲ್ಲ ಠಾಣೆಗಳಿಗೆ ಬರಹದಲ್ಲಿ ತಿಳಿಸಿ. ಭಾನುವಾರದ ಹಾಲ್‌ಗಳು ಗುಟ್ಟಿನ ಜಾಗಗಳಲ್ಲ, ಬಾಗಿಲಿಗೆ ಬ್ಯಾನರ್ ಕಟ್ಟಿರುತ್ತಾರೆ. ಮಫ್ತಿಯಲ್ಲಿ ಒಬ್ಬ ಪೊಲೀಸ್ ಹೋಗಿ ಎರಡು ತಾಸು ಕೂತರೆ, ನನಗೆ ಸಿಕ್ಕದ್ದಕ್ಕಿಂತ ಹೆಚ್ಚು ಸಾಕ್ಷ್ಯ ಸಿಗುತ್ತದೆ. 2019ರ ಮಾರ್ಚ್‌ನಲ್ಲಿ ಸೈಬರಾಬಾದ್ ಪೊಲೀಸರು ನೋಯ್ಡಾದ ಇಬಿಜ್ ಎಂಬ ಕಂಪನಿಯ ಮುಖ್ಯಸ್ಥರನ್ನು ಬಂಧಿಸಿದರು. ಕಂಪ್ಯೂಟರ್ ಕಲಿಕೆಯ ಪ್ಯಾಕೇಜ್ ಎಂದು ಕಾಲೇಜು ಮಕ್ಕಳನ್ನು ಸೇರಿಸಿಕೊಂಡ ಆರೋಪ ಅದರ ಮೇಲಿತ್ತು. ಹೈದರಾಬಾದಿನ ಬದಿಯ ಪೊಲೀಸರಿಗೆ ದೆಹಲಿಯ ಬದಿಯ ಕಂಪನಿಯ ತುದಿ ತಲುಪಲು ಆಗುವುದಾದರೆ ನಮ್ಮವರಿಗೂ ಆಗುತ್ತದೆ.

ಎರಡನೆಯದು, ನನಗೆ ಇದೇ ದೊಡ್ಡದು. ಕೆಳಗಿನ ಸಾಲಿನವರನ್ನು ಆರೋಪಿಗಳ ಪಟ್ಟಿಗೆ ಹಾಕುವ ಮೊದಲು ಸಾಕ್ಷಿಗಳಾಗಿ ಕರೆಯಿರಿ. ಹನ್ನೊಂದು ಮಂದಿಯನ್ನು ಸೇರಿಸಿ 33,600 ಕಳೆದುಕೊಂಡ ಹುಡುಗನಿಗೂ, ಕಾರಿನ ಕೀಲಿ ಎತ್ತಿ ತೋರಿಸಿದವನಿಗೂ ಕಾಯ್ದೆಯ ಕಣ್ಣಲ್ಲಿ ಭೇದ ಇರಬೇಕು. ಯಾರು ಎಷ್ಟು ಪಡೆದರು ಎಂಬುದು ಕಂಪನಿಯ ಲೆಕ್ಕದಲ್ಲಿ, ಬ್ಯಾಂಕ್ ಖಾತೆಯಲ್ಲಿ ಪೈಸೆ ಪೈಸೆಗೆ ದಾಖಲಾಗಿರುತ್ತದೆ. ಅವರು ಹೆಮ್ಮೆಪಡುವ ಟಿಡಿಎಸ್ ಇದೆಯಲ್ಲ, ಅದರಲ್ಲೇ ಸಿಗುತ್ತದೆ. ಕಳೆದುಕೊಂಡವರು ಒಂದು ಕಡೆ, ಗಳಿಸಿದವರು ಒಂದು ಕಡೆ ಎಂದು ಗೆರೆ ಎಳೆಯುವುದು ಒಂದು ವಾರದ ಕೆಲಸ. ಕಳೆದುಕೊಂಡವನು ಬಂದು ಹೇಳಿದರೆ ಅವನನ್ನು ಹಿಂಸಿಸುವುದಿಲ್ಲ ಎಂದು ನೀವು ಬಹಿರಂಗವಾಗಿ ಹೇಳಿದ ದಿನ ಆ ನವಲಗುಂದದ ತಂದೆ ಮಗನನ್ನು ಕರೆದುಕೊಂಡು ಬರುತ್ತಾರೆ. ಅವರ ತಂಗಿಯ ಮಕ್ಕಳೂ ಬರುತ್ತಾರೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಈ ಜಾಲ ಧಾರವಾಡದಲ್ಲಿ ಇಷ್ಟು ಸಲೀಸಾಗಿ ಹಬ್ಬುವುದು ಇಲ್ಲಿಯ ಹುಡುಗರು ಆಸೆಬುರುಕರೆಂದಲ್ಲ. ನನ್ನ ಮನೆಗೆ ಬಂದ ಹುಡುಗ 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆದವನು. ಅಕ್ರಮ ಬಯಲಾಗಿ ಆ ನೇಮಕಾತಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಆ ಎರಡು ವರ್ಷ ಅವನು ಸಪ್ತಾಪುರದ ಕೋಣೆಯಲ್ಲಿ ಬಾಡಿಗೆ ಕಟ್ಟುತ್ತ, ಒಂದು ಹೊತ್ತು ಉಂಡು ಕಾದ. ಊರಿಗೆ ಹೋದರೆ "ಏನಾತೋ ನಿನ್ನ ನೌಕರಿ?" ಎಂಬ ಪ್ರಶ್ನೆ. ಅಂಥವನ ಎದುರು ಕೋಟು ಹಾಕಿದವನೊಬ್ಬ ಬಂದು "ನಿನ್ನ ಬೆಲೆ ನಿನಗ ಗೊತ್ತಿಲ್ಲ" ಎಂದರೆ, ಅವನಿಗೆ ಹಾಗೆ ಹೇಳಿದವರು ಬಹಳ ದಿನದಿಂದ ಯಾರೂ ಇರಲಿಲ್ಲ. ನೇಮಕಾತಿ ಪರೀಕ್ಷೆಗಳನ್ನು ಹೇಳಿದ ದಿನಕ್ಕೆ, ಹೇಳಿದ ಹಾಗೆ ನಡೆಸುವುದೂ ಈ ಜಾಲದ ವಿರುದ್ಧ ನೀವು ಮಾಡಬಹುದಾದ ಕೆಲಸ.

ಅವನು ಈಗ ಆ ಜಾಲದಲ್ಲಿಲ್ಲ. ಸಭೆಗೆ ಹೋಗುವುದನ್ನು ಬಿಟ್ಟು ನಾಲ್ಕು ತಿಂಗಳಾಯಿತು. ನಾನು ಫೋನ್ ಮಾಡಿದರೆ ಎತ್ತುವುದಿಲ್ಲ, ನಾಚಿಕೆ ಇರಬೇಕು. ನಾಚಿಕೆಪಡಬೇಕಾದವನು ಅವನಲ್ಲ ಎಂದು ಅವನಿಗೆ ಹೇಳಬೇಕಾಗಿದೆ. ಈ ಪತ್ರ ಅವನ ಕಣ್ಣಿಗೂ ಬೀಳಲಿ.

ವಿದ್ಯಾನಗರದ ಆ ಹಾಲ್‌ನಲ್ಲಿ ಈಗಲೂ ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸಭೆ ಸೇರುತ್ತದೆ. ಬರುವ ಎರಡನೆಯ ಭಾನುವಾರ ನಾನು ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿರುತ್ತೇನೆ. ಬೆಳಗಿನ ಬಸ್ಸಿಳಿದು ಬರುವ ಮಕ್ಕಳಿಗೆ ಎಂಟರ ಕೆಳಗೆ ಹದಿನಾರು, ಹದಿನಾರರ ಕೆಳಗೆ ಮೂವತ್ತೆರಡು ಎಂದು ಬರೆದು ತೋರಿಸುತ್ತೇನೆ. ನಿಮ್ಮ ಅಧಿಕಾರಿಯೊಬ್ಬರನ್ನು ಕಳುಹಿಸಿಕೊಡಿ. ಟೀಪಾಯಿಯ ಮೇಲೆ ಬಿಟ್ಟುಹೋದ ಆ ಹಾಳೆಯನ್ನು ಜೋಪಾನವಾಗಿ ಇಟ್ಟಿದ್ದೇನೆ, ಅವರ ಕೈಗೆ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತ ಮಾಸ್ತರ
ಧಾರವಾಡ